ಮೆಟ್ನರ್ ಹಾಡುಗಳು: ಮಹಾರಾಜರ ಕತೆ ಪಕ್ಕಕ್ಕಿಟ್ಟು ಕೇಳಿದರೆ?

ಕೆಂಗೇರಿ ಕೇಳುಗ:
ನಿಕೊಲಾಯ್ ಮೆಟ್ನರ್ ಹೆಸರು ಎತ್ತಿದರೆ ನಮ್ಮಲ್ಲಿ ಹೇಳುವ ಕತೆ ಒಂದೇ. ಲಂಡನ್ನಿನಲ್ಲಿ ಕಷ್ಟಕ್ಕೆ ಬಿದ್ದಿದ್ದ ವಯಸ್ಸಾದ ರಷ್ಯನ್ ಸಂಗೀತಗಾರ. ಕೈ ಹಿಡಿದ ನಮ್ಮ ಜಯಚಾಮರಾಜ ಒಡೆಯರು. ಆತನ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಮೆಟ್ನರ್ ಸೊಸೈಟಿ, ಎಚ್ಎಂವಿ ರೆಕಾರ್ಡುಗಳು, ಮೂರನೇ ಪಿಯಾನೋ ಕನ್ಸರ್ಟೊ ಮಹಾರಾಜರಿಗೆ ಅರ್ಪಣೆ. ಅಲ್ಲಿಗೆ ಮಂಗಳ. ಕತೆ ನಿಜ, ಹೆಮ್ಮೆ ಪಡುವುದೂ ಸರಿ. ಆದರೆ ಇದನ್ನು ಹೇಳುವವರಲ್ಲಿ ಎಷ್ಟು ಜನ ಆತನ ಒಂದು ಹಾಡನ್ನಾದರೂ ಕೇಳಿದ್ದಾರೆ?

ಹಾಡು ಅಂತಲೇ ಹೇಳಿದೆ. ಮೆಟ್ನರ್ ಬರೀ ಪಿಯಾನೋದವನಲ್ಲ. ನೂರಕ್ಕೂ ಜಾಸ್ತಿ ಹಾಡು ಬರೆದಿದ್ದಾನೆ. ಒಂದು ದನಿ, ಒಂದು ಪಿಯಾನೋ, ಒಂದು ಕವಿತೆ, ಅಷ್ಟೆ. ರಷ್ಯನ್ ಕವಿಗಳಾದ ಪುಷ್ಕಿನ್, ತ್ಯುಚೆವ್, ಫೆತ್, ಲೆರ್ಮೊಂತೊವ್ ಒಂದು ಕಡೆ. ಜರ್ಮನ್ನಿನ ಗಯಟೆ, ಹೈನೆ, ನೀಚೆ, ಐಖೆನ್‌ಡಾರ್ಫ್ ಇನ್ನೊಂದು ಕಡೆ. ಈ ಹಾಡುಗಳ ಮೇಲೆ ಬಹಳ ಹಿಂದೆಯೇ ಒಂದು ತೀರ್ಪು ಬಿದ್ದಿದೆ. ‘ರಷ್ಯದ ಬ್ರಾಮ್ಸ್’ (ಬ್ರಾಮ್ಸ್ ಹತ್ತೊಂಬತ್ತನೇ ಶತಮಾನದ ಜರ್ಮನ್ ಸಂಗೀತಕಾರ), ಐವತ್ತು ವರ್ಷ ತಡವಾಗಿ ಹುಟ್ಟಿದವನು, ರಷ್ಯದಲ್ಲಿ ಕೂತು ಜರ್ಮನ್ ಹಾಡು ಬರೆದವನು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಎತ್ತಿ ಬರೆಯುತ್ತಾ ಬಂದಿದ್ದಾರೆ.

ತೀರ್ಪು ಕೊಟ್ಟವರು ಎಲ್ಲಿ ನಿಂತು ಕೊಟ್ಟರು ಅಂತ ನೋಡಿ. 1920ರ ದಶಕದ ಪ್ಯಾರಿಸ್, ಹೊಸ ಸಂಗೀತ ಕಟ್ಟುತ್ತಿದ್ದ ಸ್ಟ್ರಾವಿನ್‌ಸ್ಕಿಯ ಪ್ಯಾರಿಸ್. ಅಲ್ಲಿ ಮೆಟ್ನರ್ ಹಳಬನಾಗಿ ಕಂಡದ್ದು ಆಶ್ಚರ್ಯವಲ್ಲ. ಆದರೆ ಹಾಡುಗಳಲ್ಲಿ ಹೆಚ್ಚಿನ ಪಾಲು ಹುಟ್ಟಿದ್ದು ಅಲ್ಲಲ್ಲ. ಮಾಸ್ಕೋದಲ್ಲಿ, ಆತ 1921ರಲ್ಲಿ ದೇಶ ಬಿಡುವ ಮೊದಲು.

ಆ ಮಾಸ್ಕೋ ಬೇರೆಯೇ ಊರು. ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ, ಜರ್ಮನ್ ಮೂಲದ ಮನೆತನದಲ್ಲಿ. 1900ರಲ್ಲಿ ಮಾಸ್ಕೋ ಕನ್ಸರ್ವೇಟರಿಯಿಂದ ಪಿಯಾನೋ ಕಲಿತು ಹೊರಬಂದ. ಊರೂರು ಸುತ್ತಿ ಕಛೇರಿ ಕೊಡುವ ದಾರಿ ಎದುರಿಗಿತ್ತು. ಅದನ್ನು ಬಿಟ್ಟು ಬರೆಯಲು ಕೂತ. ಓಪಸ್ ಅಂದರೆ ಕೃತಿಗಳ ಕಟ್ಟಿಗೆ ಕೊಡುವ ಕ್ರಮಸಂಖ್ಯೆ. ಓಪಸ್ 6, 15, 18 ಮೂರೂ ಗಯಟೆಯ ಹಾಡುಗಳು. ಇವಕ್ಕೆ ಗ್ಲಿಂಕಾ ಪ್ರಶಸ್ತಿಯೂ ಬಂತು.

ಗಯಟೆ ಆಗಿನ ಮಾಸ್ಕೋಗೆ ಹಳೇ ಸರಕಲ್ಲ. ಅಣ್ಣ ಎಮಿಲ್ 1909ರಲ್ಲಿ ‘ಮುಸಾಗೆತ್’ ಅನ್ನುವ ಪ್ರಕಾಶನ ಶುರು ಮಾಡಿದ. ಆಂದ್ರೇ ಬೇಲಿಯಂಥ ಸಿಂಬಲಿಸ್ಟ್ ಕವಿಗಳು ಅದರ ಸುತ್ತ ನೆರೆದಿದ್ದರು. ಅಲ್ಲಿ ಗಯಟೆ ಅಂದರೆ ಜಗಳ. 1914ರಲ್ಲಿ ಎಮಿಲ್ ಗಯಟೆ ಬಗ್ಗೆ ಪುಸ್ತಕ ಬರೆದು ಅಧ್ಯಾತ್ಮ ಚಿಂತಕ ರುಡಾಲ್ಫ್ ಸ್ಟೈನರ್‌ನನ್ನು ಕೆಣಕಿದ. ಸ್ಟೈನರ್ ಶಿಷ್ಯನಾಗಿದ್ದ ಬೇಲಿ 1917ರಲ್ಲಿ ಇನ್ನೊಂದು ಪುಸ್ತಕ ಬರೆದು ತಿರುಗೇಟು ಕೊಟ್ಟ. ಸ್ನೇಹ ಮುರಿದುಬಿತ್ತು. ಒಬ್ಬ ಕವಿಯ ಹೆಸರಲ್ಲಿ ಇಷ್ಟು ಬಡಿದಾಡುವ ಊರಲ್ಲಿ, ಅದೇ ಕವಿಯ ಪದ್ಯಕ್ಕೆ ಸಂಗೀತ ಬರೆಯುವುದು ಅಜ್ಜನ ಕಾಲದ ಚಾಳಿ ಹೇಗಾಗುತ್ತದೆ? ಓಪಸ್ 13ರಲ್ಲಿ ಇರುವುದೇ ಎರಡು ಹಾಡು. ಒಂದು ಪುಷ್ಕಿನ್‌ದು, ಇನ್ನೊಂದು ಇದೇ ಬೇಲಿಯದು.

ಆಮೇಲೆ ಜರ್ಮನಿಯ ವಿರುದ್ಧ ಮೊದಲ ಮಹಾಯುದ್ಧ. 1915ರ ಮೇ ತಿಂಗಳಲ್ಲಿ ಮಾಸ್ಕೋದ ಗುಂಪುಗಳು ಜರ್ಮನ್ ಹೆಸರಿನ ಅಂಗಡಿಗಳನ್ನು ಹುಡುಕಿ ಹುಡುಕಿ ಒಡೆದವು. ಕುಜ್ನೆತ್ಸ್ಕಿ ಮೊಸ್ತ್ ಬೀದಿಯ ಜಿಮ್ಮರ್‌ಮಾನ್ ಸಂಗೀತದಂಗಡಿಯ ಮಹಡಿಯಿಂದ ಪಿಯಾನೋಗಳನ್ನು ಕೆಳಕ್ಕೆ ತಳ್ಳಿದರು. ಎರಡು ಭಾಷೆಯನ್ನೂ ತನ್ನದೆಂದುಕೊಂಡಿದ್ದ ಮಾಸ್ಕೋ ಅಲ್ಲಿಗೆ ಮುಗಿಯಿತು. ಮೆಟ್ನರ್ ಹಾಡುಗಳು ಆ ಊರಿಗೆ ಸೇರಿದವು. ತಡವಾಗಿ ಬಂದ ಹಾಡುಗಳಲ್ಲ, ಊರು ಕಳೆದುಕೊಂಡ ಹಾಡುಗಳು. ನನ್ನ ವಾದ ಇಷ್ಟೇ. ಏನಂತೀರಿ?

ಶುದ್ಧಧನ್ಯಾಸಿ:
ಸಂದರ್ಭ ಎಲ್ಲ ಸರಿ ಸಾರ್. ಕಿವಿಗೆ ಏನು ಸಿಗುತ್ತದೆ ಅನ್ನುವುದೂ ಮುಖ್ಯ ಅಲ್ವಾ? ಜರ್ಮನ್ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿ, ಮೆಟ್ನರ್ ಖುದ್ದು ನುಡಿಸಿದ ರೆಕಾರ್ಡಿಂಗ್ ಯೂಟ್ಯೂಬಿನಲ್ಲಿದೆ. ಕೇಳಿದೆ. ಪಿಯಾನೋ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಪಲ್ಲವಿ ಮುಗಿಯುವ ಮೊದಲೇ ಮೃದಂಗದವರು ತನಿ ಆವರ್ತನ ಹಚ್ಚಿಕೊಂಡ ಹಾಗಿತ್ತು. ಪಾಪ, ಆಕೆ ಸಂದಿಯಲ್ಲಿ ನುಗ್ಗಿ ಹಾಡುತ್ತಾರೆ. ಇದಕ್ಕೂ ಮಾಸ್ಕೋ ಬೀದಿಗಲಾಟೆಗೂ ಏನು ಸಂಬಂಧ?

ಹಳೇ ರೆಕಾರ್ಡು:
ಧನ್ಯಾಸಿಯವರೇ, ನೀವು ಕೇಳಿದ್ದು ಯಾವಾಗಿನದು ಅಂತ ನೋಡಿ ಆಮೇಲೆ ಬೈಯಿರಿ. ಅದು 1950, ಲಂಡನ್ನಿನ ಆಬಿ ರೋಡ್ ಸ್ಟುಡಿಯೋ. ಮೆಟ್ನರ್‌ಗೆ 70 ವರ್ಷ, ಹೃದಯದ ಕಾಯಿಲೆ. ಮುಂದಿನ ವರ್ಷ ನವೆಂಬರ್ 13ಕ್ಕೆ ತೀರಿಕೊಂಡ. ಆ ವಯಸ್ಸಿನಲ್ಲಿ ಅಷ್ಟು ನುಡಿಸಿದ್ದೇ ದೊಡ್ಡದು. ಮೈಕು ಯಾರ ಹತ್ತಿರ ಇಟ್ಟರು ಅನ್ನುವುದರ ಮೇಲೂ ದನಿ ಮತ್ತು ಪಿಯಾನೋದ ತೂಕ ನಿಲ್ಲುತ್ತದೆ.

ಮೈಸೂರಿನ ಕತೆ ಪಕ್ಕಕ್ಕಿಡಿ ಅಂತ ಕೆಂಗೇರಿ ಕೇಳುಗರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಈ ಹಾಡುಗಳ ಬಗ್ಗೆ ಹುಟ್ಟಿದ ಅಭಿಪ್ರಾಯದಲ್ಲಿ ಮೈಸೂರಿನ ದುಡ್ಡಿಗೂ ಒಂದು ಪಾತ್ರವಿದೆ.

ಮೆಟ್ನರ್ ಇಂಗ್ಲೆಂಡಿಗೆ ಬಂದು ನೆಲೆಸಿದ್ದು 1935ರಲ್ಲಿ. ಆತನ ಕೃತಿಗಳನ್ನು ಅಚ್ಚು ಹಾಕುತ್ತಿದ್ದದ್ದು ಲೈಪ್‌ಜಿಗ್‌ನ ಜಿಮ್ಮರ್‌ಮಾನ್. ಹೌದು, ಮಾಸ್ಕೋದಲ್ಲಿ ಪಿಯಾನೋ ಬೀದಿಗೆ ಬಿದ್ದ ಅಂಗಡಿಯೂ ಅದೇ ಮನೆಯದು. ಎರಡನೇ ಮಹಾಯುದ್ಧ ಶುರುವಾಗಿದ್ದೇ ತಡ, ಜರ್ಮನಿಯಿಂದ ಬರಬೇಕಿದ್ದ ಕಾಸು ನಿಂತಿತು. ಲಂಡನ್ ಮೇಲೆ ಬಾಂಬ್ ಬೀಳುವಾಗ ಪಿಯಾನೋ ಕಲಾವಿದೆ ಎಡ್ನಾ ಐಲ್ಸ್ ಅವರ ಮನೆಯವರು ವಾರ್ವಿಕ್‌ಶೈರ್‌ನಲ್ಲಿ ಇರಲು ಜಾಗ ಕೊಟ್ಟರು. ಇಂಥ ಹೊತ್ತು ಕಳೆದ ಮೇಲೆ ಬಂದದ್ದು ಮಹಾರಾಜರ ನೆರವು. ಅವರು ಸುಮ್ನೆ ಹೆಸರಿಗೆ ದುಡ್ಡು ಸುರಿದವರಲ್ಲ. ಮೈಸೂರಿನ ಗುಡ್ ಶೆಪರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್ ಅವರ ಹತ್ತಿರ ಪಿಯಾನೋ ಕಲಿತವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜು ಅವರನ್ನು ಗೌರವ ಫೆಲೋ ಮಾಡಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಸೊಸೈಟಿಗಾಗಿ ಹಾಡಿದವರಲ್ಲಿ ಓದಾ ಸ್ಲೊಬೊದ್ಸ್ಕಾಯಾ, ತಾತ್ಯಾನಾ ಮಕುಶಿನಾ ಇಬ್ಬರೂ ಇದ್ದರು. ಇಬ್ಬರೂ ರಷ್ಯನ್ನರು. ಮಕುಶಿನಾ 1920ರ ದಶಕದಿಂದಲೇ ಲಂಡನ್ನಿನಲ್ಲಿ ಮೆಟ್ನರ್ ಜೊತೆ ಹಾಡಿದವರು. ಅವರ ರೆಕಾರ್ಡುಗಳನ್ನು ಈಗ ಯಾರು ಕೇಳುತ್ತಾರೆ? ಉಳಿದದ್ದು ಶ್ವಾರ್ಟ್ಸ್‌ಕಾಫ್. ಕಾರಣ, ಆಕೆ ಆಮೇಲೆ ಜಗತ್ತಿನ ದೊಡ್ಡ ತಾರೆಯಾದರು. ಆಕೆಯ ಮಾತೃಭಾಷೆ ಜರ್ಮನ್, ಹಾಗಾಗಿ ಹಾಡಿದ್ದರಲ್ಲಿ ಗಯಟೆಯ ಪಾಲು ಜಾಸ್ತಿ. ಪುಷ್ಕಿನ್ ಹಾಡುಗಳಲ್ಲಿ ನಾಲ್ಕೈದು ಸಿಕ್ಕರೆ ಹೆಚ್ಚು. ಅರ್ಧ ಶತಮಾನ ಪಶ್ಚಿಮದವರಿಗೆ ಮೆಟ್ನರ್ ಹಾಡು ಅಂದರೆ ಅದೇ ಆಗಿಹೋಯಿತು. ‘ಜರ್ಮನ್ ಹಾಡು ಬರೆದ ರಷ್ಯನ್’ ಅನ್ನುವ ಮಾತಿಗೆ ನಮ್ಮ ರೆಕಾರ್ಡುಗಳೇ ಸಾಕ್ಷಿ ಹೇಳಿದವು. ಮೆಟ್ನರ್‌ನನ್ನು ಉಳಿಸಿದ್ದೂ ಅವೇ, ಅರ್ಧ ಮುಚ್ಚಿಟ್ಟದ್ದೂ ಅವೇ.

ಇನ್ನೊಂದು ತಮಾಷೆ ಹೇಳಿಬಿಡುತ್ತೇನೆ. 1935ರಲ್ಲಿ ಮೆಟ್ನರ್ ಆಧುನಿಕ ಸಂಗೀತವನ್ನು ಬಯ್ದು ಒಂದು ಪುಸ್ತಕ ಬರೆದ. ಅದನ್ನು ಅಚ್ಚು ಹಾಕಿದ್ದು ಪ್ಯಾರಿಸಿನಲ್ಲಿ ರಷ್ಯನ್ ಸಂಗೀತಕಾರ ರಖ್ಮಾನಿನೊವ್ ತನ್ನ ಹೆಣ್ಣುಮಕ್ಕಳಾದ ತಾತ್ಯಾನಾ, ಇರೀನಾ ಹೆಸರು ಸೇರಿಸಿ ಕಟ್ಟಿದ್ದ ಪ್ರಕಾಶನ. ಮೆಟ್ನರ್‌ಗೆ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅಂದರೂ ಅಷ್ಟಕ್ಕಷ್ಟೆ. ಅದೇ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ. ಹಾಡಿದ್ದು ಫ್ಲಾಗ್‌ಸ್ಟಾ, ನಿರ್ದೇಶನ ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ನಿಂತವರು ಮತ್ತೆ ನಮ್ಮ ಮಹಾರಾಜರೇ!

ಶುದ್ಧಧನ್ಯಾಸಿ:
ಸ್ಟ್ರಾಸ್ ವಿಷಯ ಗೊತ್ತಿತ್ತು, ಮಕುಶಿನಾ ವಿಷಯ ಹೊಸದು. ಮಹಾರಾಜರು ಆ ಕಾಲಕ್ಕೆ ಇತ್ತ ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನೂ ರಚಿಸುತ್ತಿದ್ದರಲ್ಲ, 94 ಕೃತಿ. ಅವುಗಳಲ್ಲಿ ಮೆಟ್ನರ್ ವಾಸನೆ ನನಗಂತೂ ಬಡಿದಿಲ್ಲ. ಪೂರಾ ದೀಕ್ಷಿತರ ದಾರಿ. ಎರಡು ಕೋಣೆಗಳ ನಡುವೆ ಬಾಗಿಲು ಹಾಕಿಟ್ಟಿದ್ದರು ಅನ್ನಿಸುತ್ತದೆ. ಒಳ್ಳೆಯದೇ ಮಾಡಿದರು.

ನೆವಾದಂಡೆ:
ನಾನು ಓದಿದ್ದು ಆಗಿನ ಲೆನಿನ್‌ಗ್ರಾಡ್‌ನಲ್ಲಿ, ಎಂಜಿನಿಯರಿಂಗ್. ಸಂಗೀತ ಬರೀ ಹುಚ್ಚು. ಹಾಸ್ಟೆಲ್ ಹುಡುಗರಿಗೂ ಪುಷ್ಕಿನ್ ಬಾಯಿಪಾಠ ಇರುತ್ತಿತ್ತು. ಹಾಗಾಗಿ ಹಾಡು ಕೇಳುವ ಮೊದಲೇ ಪದ್ಯ ಗೊತ್ತಿತ್ತು. ಈ ಹಾಡುಗಳನ್ನು ಪದ್ಯದಿಂದ ಒಳಹೊಕ್ಕರೆ ಕೇಳಿಸುವ ರೀತಿಯೇ ಬೇರೆ.

ಓಪಸ್ 13ರ ‘ಚಳಿಗಾಲದ ಸಂಜೆ’ ತಗೊಳ್ಳಿ. ಪುಷ್ಕಿನ್ 1825ರಲ್ಲಿ ಬರೆದ ಪದ್ಯ. ಆಗ ಅವನನ್ನು ಮಿಖಾಯ್ಲೊವ್ಸ್ಕೊಯೆ ಹಳ್ಳಿಗೆ ಗಡೀಪಾರು ಮಾಡಿದ್ದರು. ಹಳೇ ಮನೆ, ಜೊತೆಗೆ ಮುದುಕಿ ದಾದಿ ಒಬ್ಬಳೇ. ಹೊರಗೆ ಹಿಮದ ಬಿರುಗಾಳಿ ಒಮ್ಮೆ ಕಾಡುಮೃಗದ ಹಾಗೆ ಊಳಿಡುತ್ತದೆ, ಒಮ್ಮೆ ಮಗುವಿನ ಹಾಗೆ ಅಳುತ್ತದೆ, ಮಾಡಿನ ಹುಲ್ಲನ್ನು ಸರಸರ ಅನ್ನಿಸುತ್ತದೆ. ಕಿಟಕಿ ಹತ್ತಿರ ಕೂತ ಮುದುಕಿ ಮಾತು ನಿಲ್ಲಿಸಿದ್ದಾಳೆ. ಬಾ ಅಜ್ಜಿ, ಕುಡಿಯೋಣ, ಲೋಟ ಎಲ್ಲಿ ಅನ್ನುತ್ತಾನೆ ಕವಿ. ರಷ್ಯದಲ್ಲಿ ಇದನ್ನು ಗುನುಗದ ಮಕ್ಕಳಿಲ್ಲ. ಹಾಗಾಗಿ ಇದಕ್ಕೆ ಸಂಗೀತ ಬರೆಯುವುದು ಕಷ್ಟದ ಕೆಲಸ, ಎಲ್ಲರ ಕಿವಿಯಲ್ಲೂ ಆಗಲೇ ಒಂದು ಧಾಟಿ ಕೂತಿರುತ್ತದೆ. ಮೆಟ್ನರ್ ಬಿರುಗಾಳಿಯನ್ನು ಪೂರ್ತಿ ಪಿಯಾನೋಗೆ ಬಿಟ್ಟುಕೊಟ್ಟ. ಬೆರಳು ಸುಳಿ ಸುಳಿಯಾಗಿ ಓಡುತ್ತದೆ, ಆದರೆ ಜೋರಾಗಿ ಅಲ್ಲ, ಗೋಡೆಯಾಚೆಯಿಂದ ಕೇಳಿದ ಹಾಗೆ. ದನಿ ಮನೆಯ ಒಳಗಿನದು. ಧನ್ಯಾಸಿಯವರು ಕೇಳಿದ ‘ಸುಮ್ಮನಿರದ ಪಿಯಾನೋ’ ಇದೇ. ಅದು ನಿಂತರೆ ಬಿರುಗಾಳಿ ನಿಲ್ಲಬೇಕಾಗುತ್ತದೆ.

ಕೇಳುಗರ ವಾದಕ್ಕೆ ಒಂದು ತಕರಾರು. ಯುದ್ಧ ಬಂತು, ಎರಡು ಭಾಷೆಯ ಮಾಸ್ಕೋ ಮುಗಿಯಿತು ಅನ್ನುತ್ತೀರಿ. ಆದರೆ ಮೆಟ್ನರ್ ರಷ್ಯನ್ ಪದ್ಯಗಳ ಕಡೆ ತಿರುಗಿದ್ದು ಯುದ್ಧಕ್ಕೆ ಮುಂಚೆ. ಓಪಸ್ 24ರ ತ್ಯುಚೆವ್, ಫೆತ್ ಹಾಡುಗಳು, 1913ರ ಓಪಸ್ 29ರ ಏಳು ಪುಷ್ಕಿನ್ ಹಾಡುಗಳು, ಎಲ್ಲ ಗಲಾಟೆಗೆ ಮೊದಲಿನವು. ಅಲ್ಲಿಂದ ಓಪಸ್ 37ರ ತನಕ ಹಾಡು ಅಂದರೆ ರಷ್ಯನ್ನೇ. ಗಯಟೆ ವಾಪಸ್ ಬಂದದ್ದು ದೇಶ ಬಿಟ್ಟ ಮೇಲೆ. ಬೀದಿಯ ಜನ ಹೆದರಿಸಿ ಭಾಷೆ ಬದಲಿಸಿದ್ದಲ್ಲ, ಆತನೇ ಆ ಕಡೆ ಹೋಗುತ್ತಿದ್ದ.

ಇತಿಹಾಸದ ಏಟು ನಿಜಕ್ಕೂ ಕೇಳಿಸುವುದು ಆಮೇಲಿನ ಹಾಡುಗಳಲ್ಲಿ. ಓಪಸ್ 45 ನೋಡಿ, 1920ರ ದಶಕದ ಶುರು, ಆಗಷ್ಟೇ ದೇಶ ಬಿಟ್ಟಿದ್ದ. ಅದರ ಕೊನೇ ಹಾಡು ತ್ಯುಚೆವ್‌ನ ‘ನಮ್ಮ ಕಾಲ’. ಈ ದಿನಗಳಲ್ಲಿ ಕೆಟ್ಟಿರುವುದು ಮೈಯಲ್ಲ, ಜೀವ ಅಂತ ಶುರುವಾಗುತ್ತದೆ. ಮನುಷ್ಯ ಕತ್ತಲೆಯಿಂದ ಬೆಳಕಿಗೆ ಓಡುತ್ತಾನೆ, ಬೆಳಕು ಸಿಕ್ಕಿದ ಮೇಲೆ ಗೊಣಗುತ್ತಾನೆ, ದಂಗೆ ಏಳುತ್ತಾನೆ. ತ್ಯುಚೆವ್ ಬರೆದದ್ದು 1851ರಲ್ಲಿ. ಕ್ರಾಂತಿ ನೋಡಿ ಬಂದ ಮನುಷ್ಯ ಅದನ್ನು ಆರಿಸಿಕೊಂಡು, ಅದಕ್ಕೆ ‘ನಮ್ಮ’ ಕಾಲ ಅನ್ನುವ ಹೆಸರನ್ನು ಹಾಗೇ ಉಳಿಸಿಕೊಂಡ. ಅದಕ್ಕಿಂತ ನೇರವಾಗಿ ಏನು ಹೇಳಬೇಕು?

ಅದರ ಮುಂದೆ ಓಪಸ್ 52. 1927ರಲ್ಲಿ ಮೆಟ್ನರ್ ಸೋವಿಯತ್ ಒಕ್ಕೂಟಕ್ಕೆ ಹೋಗಿ ಕಛೇರಿ ಕೊಟ್ಟು ಬಂದ. ಹಳೇ ಗೆಳೆಯರು ಪ್ರೀತಿಯಿಂದ ಕೇಳಿದರು. ವಾಪಸ್ ಫ್ರಾನ್ಸಿಗೆ ಬಂದು ಬರೆದದ್ದು ಈ ಏಳು ಪುಷ್ಕಿನ್ ಹಾಡು. ಕೊನೆಯದು ‘ಕೈದಿ’. ಸೆರೆಯಲ್ಲಿರುವವನಿಗೆ ಕಿಟಕಿಯಾಚೆಯ ಹದ್ದು ಹಾರಿಹೋಗೋಣ ಬಾ ಅನ್ನುತ್ತದೆ. ಸರಳುಗಳ ಯಾವ ಕಡೆ ಮೆಟ್ನರ್ ಇದ್ದ ಅಂತ ಹಾಡು ಹೇಳುವುದಿಲ್ಲ. ಮತ್ತೆ ಆತ ರಷ್ಯ ನೋಡಲಿಲ್ಲ.

ಸೋವಿಯತ್ತಿನವರು ಸುಮಾರು ಕಾಲ ಈ ಮನುಷ್ಯ ಇರಲೇ ಇಲ್ಲ ಅನ್ನುವಂತೆ ನಡೆದುಕೊಂಡರು. ಗಂಡ ತೀರಿಕೊಂಡ ಮೇಲೆ 1958ರಲ್ಲಿ ಹೆಂಡತಿ ಆನ್ನಾ ಕಾಗದಪತ್ರಗಳ ಜೊತೆ ಮಾಸ್ಕೋಗೆ ಮರಳಿದರು. 1959ರಿಂದ 1963ರ ಒಳಗೆ ಸಮಗ್ರ ಕೃತಿಗಳು 12 ಸಂಪುಟದಲ್ಲಿ ಅಚ್ಚಾದವು. ವಲಸೆ ಹೋದವನ ಸಂಗೀತವನ್ನು ಸರ್ಕಾರವೇ ಅಷ್ಟು ಚಂದ ಅಚ್ಚು ಹಾಕಿದ್ದು ಸ್ಟಾಲಿನ್ ನಂತರದ ಖ್ರುಶ್ಚೆವ್ ಕಾಲ ಆಗಿದ್ದರಿಂದ. ಹತ್ತು ವರ್ಷ ಹಿಂದೆ ಆಗುವ ಮಾತಲ್ಲ.

ಕೆಂಗೇರಿ ಕೇಳುಗ:
ನೆವಾದಂಡೆಯವರೇ, ತಾರೀಕಿನ ಮಾತು ಸರಿಯಾಗಿದೆ. ಅದು ನನ್ನ ವಾದಕ್ಕೆ ಬಲವೇ ಕೊಡುತ್ತದೆ. ಯಾರ ಒತ್ತಾಯವೂ ಇಲ್ಲದೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಿ ಬರಬಹುದಾಗಿದ್ದ ಊರು ಅದು. ಎರಡರಲ್ಲೂ ಆತ ಹೊರಗಿನವನಲ್ಲ. ಗಲಾಟೆ ಮಾಡಿದ್ದು ಏನೆಂದರೆ, ಹಿಂದೆ ಬರೆದ ಗಯಟೆ ಹಾಡುಗಳನ್ನು ರಷ್ಯದಲ್ಲಿ ಹಾಡುವವರಿಲ್ಲದ ಹಾಗೆ ಮಾಡಿತು.

ಬರ್ಲಿನ್ ಭಟ್ಟ:
ಎಲ್ಲರೂ ಅಣ್ಣ ಎಮಿಲ್‌ನನ್ನು ಏನೋ ಸಾಹಿತ್ಯಪ್ರೇಮಿ ಅನ್ನುವ ಹಾಗೆ ದಾಟಿಸಿಬಿಟ್ಟಿರಲ್ಲ. ಇತಿಹಾಸ ಅಂದರೆ ಪೂರ್ತಿ ಇತಿಹಾಸ ಹೇಳಿ.

ಎಮಿಲ್ ಮೆಟ್ನರ್ 1912ರಲ್ಲಿ ‘ವೊಲ್ಫಿಂಗ್’ ಅನ್ನುವ ಹೆಸರಿಟ್ಟುಕೊಂಡು ಆಧುನಿಕ ಸಂಗೀತದ ಮೇಲೆ ಪುಸ್ತಕ ತಂದ. ಸಂಗೀತ ಕೆಟ್ಟಿದ್ದಕ್ಕೆ ಯಹೂದಿಗಳು ಕಾರಣ ಅನ್ನುವ ವಿಷ ಅದರಲ್ಲಿದೆ. ಅದೇ ಪುಸ್ತಕದ ವೀರ ತಮ್ಮ ನಿಕೊಲಾಯ್. ಜರ್ಮನ್ ಸಂಪ್ರದಾಯದ ಶುದ್ಧ ವಾರಸುದಾರ ಅಂತ. ಆಮೇಲೆ ಎಮಿಲ್ ಹಿಟ್ಲರ್ ಕಡೆ ವಾಲಿದ, 1936ರಲ್ಲಿ ಡ್ರೆಸ್ಡೆನ್‌ನಲ್ಲಿ ಸತ್ತ. ಇನ್ನು ನಿಮ್ಮ ಶ್ವಾರ್ಟ್ಸ್‌ಕಾಫ್ 1940ರಲ್ಲಿ ನಾಜಿ ಪಕ್ಷ ಸೇರಿದ್ದವರು. ಗಯಟೆ ಹಾಡುಗಳನ್ನು ಮಾಸ್ಕೋ ಸಂದರ್ಭದಲ್ಲಿ ಇಟ್ಟು ಕೇಳಿ ಅನ್ನುತ್ತೀರಿ. ಆ ಸಂದರ್ಭದಲ್ಲಿ ಇದೂ ಇದೆ. ಇದನ್ನು ಬಿಟ್ಟು ಹೇಳಿದರೆ ಅದು ಮರುಮೌಲ್ಯಮಾಪನ ಅಲ್ಲ, ಸುಣ್ಣ ಬಳಿಯುವುದು.

ಕೆಂಗೇರಿ ಕೇಳುಗ:
ಭಟ್ಟರೇ, ಸರಿಯಾದ ಕಡೆ ಕೈ ಇಟ್ಟಿದ್ದೀರಿ. ಎಮಿಲ್ ಹಿಡಿತ ಸಣ್ಣದಲ್ಲ. ಏನು ಓದಬೇಕು, ಯಾರ ಪದ್ಯ ಎತ್ತಿಕೊಳ್ಳಬೇಕು ಅನ್ನುವುದರಲ್ಲೆಲ್ಲ ಅವನ ಮಾತು ನಡೆಯುತ್ತಿತ್ತು. ಓಪಸ್ 19ರ ನೀಚೆ ಹಾಡುಗಳು ಅವನ ಗಾಳಿ ಬೀಸದೆ ಹುಟ್ಟಿರುವುದಿಲ್ಲ ಅನ್ನಿಸುತ್ತದೆ. ಮನೆಯ ಕತೆಯೂ ಸಿಕ್ಕು ಸಿಕ್ಕು. ಆನ್ನಾ ಮೊದಲು ಎಮಿಲ್ ಹೆಂಡತಿ. ಆಕೆಗೂ ನಿಕೊಲಾಯ್‌ಗೂ ಪ್ರೀತಿ. ತಾಯಿಗೆ ನೋವಾಗಬಾರದು ಅಂತ ಮೂವರೂ ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದರು. ತಾಯಿ ಹೋದ ಮೇಲೆ 1919ರಲ್ಲಿ ನಿಕೊಲಾಯ್, ಆನ್ನಾ ಮದುವೆಯಾದರು. ಇಷ್ಟೆಲ್ಲ ಹಂಚಿಕೊಂಡವರ ವಿಚಾರ ಬೇರೆ ಬೇರೆ ಅಂತ ಗೆರೆ ಎಳೆಯುವುದು ಸುಲಭವಲ್ಲ.

ಆದರೂ ಗೆರೆ ಇದೆ. ನಿಕೊಲಾಯ್ 1935ರಲ್ಲಿ ತಾನೇ ಬರೆದ ಪುಸ್ತಕದಲ್ಲಿ ಆಧುನಿಕರನ್ನು ಬಯ್ಯುತ್ತಾನೆ, ಬೇಜಾರಾಗುವಷ್ಟು ಬಯ್ಯುತ್ತಾನೆ. ವಾದ ಮಾತ್ರ ಸ್ವರ, ಶ್ರುತಿ, ರಚನೆಯ ನಿಯಮಗಳದ್ದು. ಕುಲಗೋತ್ರದ್ದಲ್ಲ. ಕೊನೆಗಾಲದಲ್ಲಿ ಆತನ ಪಕ್ಕ ಕೂತು ಎರಡು ಪಿಯಾನೋಗೆ ಬರೆದ ಕೃತಿ ರೆಕಾರ್ಡ್ ಮಾಡಿದವರು ಬೆನ್ನೋ ಮೊಯ್ಸೆವಿಚ್, ಒಡೆಸ್ಸಾದ ಯಹೂದಿ. ಹಾಗಂತ ಎಮಿಲ್ ಪಾಪ ತೊಳೆದುಹೋಗುವುದಿಲ್ಲ. ಆ ಹಾಡುಗಳಿಗೆ ‘ಜರ್ಮನ್ ಶುದ್ಧತೆ’ಯ ಬಾವುಟ ಕಟ್ಟಿದವನು ಎಮಿಲ್. ಐವತ್ತು ವರ್ಷ ತಡ ಅಂತ ಬೈದವರೂ ಅದೇ ಬಾವುಟ ನೋಡಿ ಬೈದರು. ಎರಡೂ ಕಡೆಯವರು ಹಾಡಿನ ಬದಲು ಬಾವುಟ ಕೇಳಿದರು.

ಬರ್ಲಿನ್ ಭಟ್ಟ:
ಬಾವುಟದ ಮಾತು ಅರ್ಧ ಒಪ್ಪಿದೆ. ಅಣ್ಣ ಕಟ್ಟುವಾಗ ತಮ್ಮ ಬೇಡ ಅಂದ ದಾಖಲೆ ತೋರಿಸಿ, ಇನ್ನರ್ಧವೂ ಒಪ್ಪುತ್ತೇನೆ. ಮೌನವಾಗಿ ಫಲ ಉಂಡವರ ಮೇಲೂ ಸ್ವಲ್ಪ ಬರುತ್ತದೆ ಲೆಕ್ಕ.

ಜರ್ಮನಿಯಲ್ಲಿ ಕೂತು ಕೇಳಿದವನಾಗಿ ಒಂದು ಮಾತು ಮಾತ್ರ ಸೇರಿಸುತ್ತೇನೆ. ಇವು ಜರ್ಮನ್ ಹಾಡಿನ ನಕಲು ಅಲ್ಲ. ಓಪಸ್ 6ರ ಮೊದಲ ಹಾಡು ಗಯಟೆಯ ‘ಅಲೆಮಾರಿಯ ರಾತ್ರಿಹಾಡು’. ಎಲ್ಲ ಶಿಖರಗಳ ಮೇಲೂ ಶಾಂತಿ, ತಾಳು, ನಿನಗೂ ವಿಶ್ರಾಂತಿ ಸಿಗುತ್ತದೆ ಅನ್ನುವ ಎಂಟು ಸಾಲಿನ ಪದ್ಯ. ಶೂಬರ್ಟ್ ಮಾಡಿದ್ದು ಇಲ್ಲಿನ ಎಲ್ಲರಿಗೂ ಗೊತ್ತು. ರಷ್ಯದ ಮಕ್ಕಳಿಗೆ ಅದೇ ಪದ್ಯ 1840ರಲ್ಲಿ ಲೆರ್ಮೊಂತೊವ್ ಮಾಡಿದ ರೂಪದಲ್ಲಿ ಗೊತ್ತು. ಮೆಟ್ನರ್‌ಗೆ ಎರಡೂ ಗೊತ್ತಿತ್ತು. ನನ್ನ ಕಿವಿಗೆ ಶೂಬರ್ಟ್‌ನದು ಆಗಲೇ ಮಲಗಿದವನ ಹಾಡು, ಮೆಟ್ನರ್‌ದು ಇನ್ನೂ ನಡೆಯುತ್ತಿರುವವನ ಹಾಡು. ಇದರಲ್ಲಿ ಎಮಿಲ್ ಕೇಳಿಸುವುದಿಲ್ಲ, ಅದು ನಿಜ.

ಶುದ್ಧಧನ್ಯಾಸಿ:
ನೆವಾದಂಡೆಯವರು ಹೇಳಿದ ಬಿರುಗಾಳಿ ಹಾಡು ಹುಡುಕಿ ಕೇಳಿದೆ. ಪದ್ಯ ಪಕ್ಕದಲ್ಲಿಟ್ಟುಕೊಂಡು ಕೇಳಿದರೆ ಪರವಾಗಿಲ್ಲ ಕಣ್ರೀ. ಅಲ್ಲಿಂದ ಮುಂದೆ ಪದವೇ ಇಲ್ಲದ ಒಂದು ಹಾಡು ಸಿಕ್ಕಿತು, ಓಪಸ್ 41. ಬರೀ ಸ್ವರ ಎಳೆದು ಹಾಡುತ್ತಾರೆ. ಇದು ಆಲಾಪನೆ ಅಲ್ವಾ? ಸುಮಾರು ಹೊತ್ತು ಖುಷಿಯಾಗಿ ಕೇಳಿದೆ.

ಮಂದ್ರಸ್ಥಾಯಿ:
ಆಲಾಪನೆ ಅಲ್ಲ ಸಾರ್. ಅದರಲ್ಲಿ ಗಾಯಕಿಗೆ ಒಂದು ಸ್ವರ ಕೂಡ ಸ್ವಂತಕ್ಕೆ ಸೇರಿಸುವ ಹಾಗಿಲ್ಲ. ಹೆಸರೇ ‘ಸೊನಾಟಾ-ವೊಕಾಲಿಸ್’. ಪಿಯಾನೋಗೆ ಬರೆಯುವ ಸೊನಾಟಾದ ಕಟ್ಟಡವನ್ನು ದನಿಗೆ ಹೊರಿಸಿದ್ದಾನೆ. ಪೂರ್ತಿ ಪದವಿಲ್ಲ ಅಂತಲೂ ಅಲ್ಲ. ಮೊದಲು ಗಯಟೆಯ ಒಂದು ಪುಟ್ಟ ಪದ್ಯ ಪದದ ಸಮೇತ ಬರುತ್ತದೆ, ಆಮೇಲೆ ಪದ ಬಿಟ್ಟು ದನಿ ಒಂದೇ ಹೊರಡುತ್ತದೆ. 1920ರ ದಶಕ, ಆಗಷ್ಟೇ ದೇಶ ಬಿಟ್ಟ ಹೊತ್ತು. ಯಾವ ಭಾಷೆಯ ಕೇಳುಗರಿಗೆ ಹಾಡಬೇಕು ಅಂತ ಗೊತ್ತಿಲ್ಲದವನು ಪದವನ್ನೇ ಬಿಟ್ಟ ಅಂತ ನಾನು ಓದಿಕೊಳ್ಳುತ್ತೇನೆ. ಕೇಳುಗರ ಸಿದ್ಧಾಂತಕ್ಕೆ ಇದೂ ಒಂದು ಕೊಡುಗೆ.

ನಾನು ಪಾಶ್ಚಾತ್ಯ ಗಾಯನ ಕಲಿತವಳು, ತಗ್ಗು ದನಿ. ಹಾಡುವವರ ಕಡೆಯಿಂದ ಎರಡು ಮಾತು. ಪಿಯಾನೋ ದನಿಯನ್ನು ಮುಚ್ಚುತ್ತದೆ ಅನ್ನುವ ದೂರು ನುಡಿಸುವವರ ಮೇಲೆ ಹಾಕಬೇಕಾದ್ದು. ಸ್ವರಲಿಪಿಯ ಪುಸ್ತಕದಲ್ಲಿ ಎಷ್ಟೋ ಕಡೆ ಸಣ್ಣದಾಗಿ ನುಡಿಸು ಅಂತಲೇ ಇದೆ. ಸ್ವರಗಳು ಅಷ್ಟು ಕಿಕ್ಕಿರಿದಿದ್ದರೆ ಸಣ್ಣದಾಗಿ ನುಡಿಸುವುದು ಜೋರಾಗಿ ನುಡಿಸುವುದಕ್ಕಿಂತ ಕಷ್ಟ, ಅದಕ್ಕೇ ಎಲ್ಲರೂ ಬಡಿಯುತ್ತಾರೆ. ನಮ್ಮ ಕಷ್ಟ ಬೇರೆ. ಪಿಯಾನೋದ ಒಳಗಿರುವ ಧಾಟಿಯೇ ಕೆಲವು ಸಲ ಹಾಡಿನ ಮುಖ್ಯ ಧಾಟಿ. ದನಿ ಅದರ ಪಕ್ಕದಲ್ಲಿ ಮಾತಾಡಿಕೊಂಡು ಹೋಗಬೇಕು. ಮುಂದೆ ನಿಂತು ಮೆರೆಯುವ ಅಭ್ಯಾಸ ಇದ್ದವರಿಗೆ ಇದು ಅವಮಾನ ಅನ್ನಿಸುತ್ತದೆ! ರಖ್ಮಾನಿನೊವ್ ಹಾಡಿಗೆ ಚಪ್ಪಾಳೆ ಗಾಯಕರಿಗೆ ಬೀಳುತ್ತದೆ. ಇಲ್ಲಿ ಕವಿತೆಗೆ ಬೀಳಬೇಕು. ಹಾಗಾಗಿ ಗಾಯಕರೇ ಈ ಹಾಡುಗಳನ್ನು ದೂರ ಇಟ್ಟರು. ಇತಿಹಾಸ, ಯುದ್ಧ ಎಲ್ಲ ಹೇಳುವಾಗ ಇದನ್ನೂ ಹೇಳಿ.

ಎಲ್ಲ ಹಾಡೂ ಹಾಗಲ್ಲ. ಓಪಸ್ 36ರಲ್ಲಿ ‘ಗುಲಾಬಿ ಬಾಡಿದಾಗ’ ಅಂತ ಪುಷ್ಕಿನ್‌ದು ಎಂಟು ಗಿಡ್ಡ ಸಾಲಿನ ಪದ್ಯ ಇದೆ. ಬಾಡುವ ಹೂವಿನ ಉಸಿರು ಹಗುರಾಗಿ ಸ್ವರ್ಗದ ಕಡೆ ಹಾರುತ್ತದೆ, ಅಲ್ಲಿನ ನಿದ್ದೆಯ ಹೊಳೆಯ ದಂಡೆಯಲ್ಲಿ ಅದರ ಪರಿಮಳದ ನೆರಳು ಅರಳುತ್ತದೆ. ಪಿಯಾನೋದಲ್ಲಿ ಏನೇನೂ ಗದ್ದಲವಿಲ್ಲ. ಶುರುವಾಯಿತು ಅನ್ನುವಷ್ಟರಲ್ಲಿ ಮುಗಿಯುತ್ತದೆ. ಮೆಟ್ನರ್‌ಗೆ ಕಮ್ಮಿ ಸ್ವರದಲ್ಲಿ ಬರೆಯಲು ಬರುತ್ತಿರಲಿಲ್ಲ ಅನ್ನುವವರಿಗೆ ಇದನ್ನು ಕೇಳಿಸಿ.

ಅಂದಹಾಗೆ ಬೆಂಗಳೂರಲ್ಲಿ ಒಂದು ಸಣ್ಣ ಕಛೇರಿಗೆ ಅರ್ಧ ಭಾಗ ಮೆಟ್ನರ್ ಇಡೋಣ ಅಂತ ಯೋಚನೆ. ಏನು ಆರಿಸಲಿ? ಬರೀ ಗಯಟೆ ಬೇಡ ಅಂತ ಈ ಚರ್ಚೆ ಓದಿ ಗೊತ್ತಾಯಿತು.

ಹಳೇ ರೆಕಾರ್ಡು:
ಮೇಡಂ, ಮೊದಲು ಕೇಳಲು: ಲುಡ್ಮಿಲಾ ಆಂಡ್ರ್ಯೂ ಹಾಡಿ ಜೆಫ್ರಿ ಟೋಜರ್ ನುಡಿಸಿದ್ದು ಶಾಂಡೋಸ್ ಕಂಪನಿಯದು. ಈಚಿನದಾದರೆ ಎಕತೆರಿನಾ ಲೆವೆಂತಾಲ್, ಫ್ರಾಂಕ್ ಪೀಟರ್ಸ್ ಜೋಡಿ ಎಲ್ಲ ಹಾಡುಗಳನ್ನೂ ಬ್ರಿಲಿಯಂಟ್ ಕ್ಲಾಸಿಕ್ಸ್‌ಗೆ ಹಾಡಿದ್ದಾರೆ. ಲೆವೆಂತಾಲ್ ದನಿ ಮೆಜೊ, ಅಂದರೆ ಹೆಂಗಸರ ನಡುಸ್ಥಾಯಿ, ನಿಮಗೆ ಹತ್ತಿರ. ಒಂದೇ ಏಟಿಗೆ ಎಲ್ಲ ಕೇಳಬೇಡಿ. ಓಪಸ್ 12ರ ಹೈನೆ ನನಗೆ ರುಚಿಸುವುದಿಲ್ಲ. ಓಪಸ್ 15ರಲ್ಲೂ ಕೆಲವು ಸುಮ್ನೆ ಸ್ವರದ ರಾಶಿ. ‘ಸಮುದ್ರದ ನಿಶ್ಚಲತೆ’ ಮಾತ್ರ ಬಿಡಬೇಡಿ. ಗಾಳಿಯಿಲ್ಲದ ಕಡಲು ನಾವಿಕನಿಗೆ ಭಯ ಅನ್ನುವುದನ್ನು ಹಾಗೆ ಹಿಡಿದವರು ಕಡಿಮೆ.

ನೆವಾದಂಡೆ:
ನನ್ನ ಪಟ್ಟಿ: ‘ಚಳಿಗಾಲದ ಸಂಜೆ’, ‘ಗುಲಾಬಿ ಬಾಡಿದಾಗ’, ಅಲೆಮಾರಿಯ ರಾತ್ರಿಹಾಡು, ಓಪಸ್ 45ರಿಂದ ‘ಬದುಕಿನ ಬಂಡಿ’ ಮತ್ತು ‘ನಮ್ಮ ಕಾಲ’, ಕೊನೆಗೆ ‘ಕೈದಿ’. ಬಂಡಿಯಲ್ಲಿ ಬೆಳಿಗ್ಗೆ ಹೊಡಿ ಹೊಡಿ ಅಂತ ಕೂಗುವವನು ಮಧ್ಯಾಹ್ನಕ್ಕೆ ಇಳಿಜಾರು ನೋಡಿ ಮೆಲ್ಲಗೆ ಹೋಗಪ್ಪಾ ಅನ್ನುತ್ತಾನೆ. ಸಂಜೆ ತೂಕಡಿಸುತ್ತಾನೆ, ಕುದುರೆ ಓಡಿಸುವ ಕಾಲರಾಯ ಮಾತ್ರ ನಿಲ್ಲಿಸುವುದಿಲ್ಲ. ಬೆಂಗಳೂರಿನವರಿಗೆ ಅರ್ಥ ಮಾಡಿಸುವ ಅಗತ್ಯವೇ ಬರುವುದಿಲ್ಲ. ಪದ್ಯಗಳ ಕನ್ನಡ ಅರ್ಥವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚಿ. ಬೇಕಾದರೆ ನಾನು ಬರೆದುಕೊಡುತ್ತೇನೆ.

ಶುದ್ಧಧನ್ಯಾಸಿ:
ಹಾಳೆ ಕೊಡುವುದಾದರೆ ನಾನೂ ಬರುತ್ತೇನೆ. ಓಪಸ್ 41 ಇದೆಯಾ?

ಮಂದ್ರಸ್ಥಾಯಿ:
ಓಪಸ್ 41 ನನ್ನ ದನಿಗೆ ಎಟುಕುವುದಿಲ್ಲ ಸಾರ್, ತುಂಬಾ ಮೇಲೆ ಹೋಗುತ್ತದೆ. ಉಳಿದದ್ದು ಆಗುತ್ತದೆ. ನೆವಾದಂಡೆಯವರೇ, ‘ನಮ್ಮ ಕಾಲ’ದ ಅರ್ಥ ಮೊದಲು ಕಳಿಸಿ, ಅಭ್ಯಾಸ ಅಲ್ಲಿಂದಲೇ ಶುರು ಮಾಡುತ್ತೇನೆ. ಪಿಯಾನೋದವರಿಗೆ ‘ಚಳಿಗಾಲದ ಸಂಜೆ’ಯ ಹಾಳೆ ನಿನ್ನೆ ಕೊಟ್ಟೆ. ತಿರುವಿ ನೋಡಿ, ಮೂರು ತಿಂಗಳು ಟೈಮ್ ಕೊಡಿ ಅಂದಿದ್ದಾರೆ.